ಕೊರಳಿಗೆ ಹಾಕುವ ಹಾರ, ನೆಲದ ಮೇಲಿಡುವ ಪುಷ್ಪಚಕ್ರ: ಅಮ್ಮನ ಪ್ರಶ್ನೆಗೆ ಏನೆಂದು ಉತ್ತರಿಸಲಿ?

ಪ್ರಶ್ನೆ: ಖಡಕಿ ನಿವಾಸಿ, ಪುಣೆ

ನಮ್ಮ ತಂದೆಯವರು ಸೈನ್ಯದಲ್ಲಿ 28 ವರ್ಷ ಸೇವೆ ಸಲ್ಲಿಸಿ, ನಿವೃತ್ತಿಯ ನಂತರ ಧಾರವಾಡಕ್ಕೆ ಮರಳದೆ ಇಲ್ಲಿ ಖಡಕಿಯಲ್ಲಿಯೇ ಮನೆ ಮಾಡಿಕೊಂಡಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಅವರ ಹಳೆಯ ಪಲ್ಟನ್ನಿನಿಂದ ಜವಾನರು ಬಂದಿದ್ದರು. ಎಲೆ ಮತ್ತು ಹೂಗಳನ್ನು ಸುತ್ತಿದ್ದ ದುಂಡನೆಯ ಚಕ್ರವೊಂದನ್ನು ಇಬ್ಬರು ನಿಧಾನವಾದ ಹೆಜ್ಜೆಗಳಲ್ಲಿ ಹೊತ್ತು ತಂದರು. ಅಧಿಕಾರಿಯೊಬ್ಬರು ಅದನ್ನು ತಂದೆಯವರ ಕಾಲ ಬಳಿ ಇರಿಸಿ, ಹಿಂದೆ ಸರಿದು ನಿಂತು ಸೆಲ್ಯೂಟ್ ಮಾಡಿದರು. ನಮಗೆಲ್ಲರಿಗೂ ಗಂಟಲು ಕಟ್ಟಿದ ಗಳಿಗೆ ಅದು. ಆದರೆ ಅಮ್ಮ ಮರುದಿನದಿಂದ ಒಂದೇ ಮಾತನ್ನು ಕೇಳುತ್ತಿದ್ದಾರೆ: “ಕೊರಳಿಗೆ ಹಾಕೂದನ್ನ ಕಾಲ ಹತ್ರ ಇಟ್ಟು ಹೋದರಲ್ಲ, ಯಾಕ?”

ಅಮ್ಮನಿಗೆ ಸಿಟ್ಟಿಲ್ಲ, ನೋವಿದೆ. ಅವರ ತವರುಮನೆಯ ಪಕ್ಕದಲ್ಲಿಯೇ ಹೂಗಾರರ ಮನೆಯಿತ್ತು, ಚಿಕ್ಕಂದಿನಿಂದ ಅಲ್ಲಿಯೇ ಕುಳಿತು ಹೂವು ಕಟ್ಟುವುದನ್ನು ಕಲಿತವರು. ಮಾಲೆಯೆಂದರೆ ಅವರ ಮಟ್ಟಿಗೆ ಎರಡು ತುದಿಗಳಿರುವ, ಕೊರಳಿನಿಂದ ಎದೆಗೆ ಇಳಿಯುವ ವಸ್ತು. ಅದನ್ನು ನೆಲದ ಮೇಲೆ ಇಡುವುದು ಅವರ ಕಣ್ಣಿಗೆ ಅರ್ಧಕ್ಕೇ ನಿಂತ ಮರ್ಯಾದೆಯಂತೆ ಕಂಡಿದೆ. ನಾನು ಏನೋ ಸಮಾಧಾನ ಹೇಳಿದೆ. ಆದರೆ ನನಗೇ ಸರಿಯಾಗಿ ತಿಳಿಯದ ವಿಷಯವನ್ನು ಅವರಿಗೆ ಹೇಗೆ ತಿಳಿಹೇಳಲಿ?

ಇದರ ಜೊತೆಗೆ ಭಾಷೆಯ ತೊಡಕೂ ಒಂದಿದೆ. ಬರುವ ತಿಂಗಳು ನೆನಪಿನ ಸಭೆಯಿದೆ. ತಂದೆಯವರ ಮರಾಠಿ ಸ್ನೇಹಿತರು ಸಿದ್ಧಪಡಿಸಿದ ಪತ್ರಿಕೆಯಲ್ಲಿ ‘ಪುಷ್ಪಚಕ್ರ ಅರ್ಪಣ’ ಎಂದಿದೆ. ಕನ್ನಡದ ಪತ್ರಿಕೆಗೆ ನನ್ನ ತಮ್ಮ ‘ಪುಷ್ಪಗುಚ್ಛ ಸಮರ್ಪಣೆ’ ಎಂದು ಬರೆದಿದ್ದಾನೆ. ನಮ್ಮ ದಿನಪತ್ರಿಕೆಗಳಲ್ಲಿಯೂ ಹಾಗೆಯೇ ಓದಿದ ನೆನಪು ನನಗಿದೆ. ಆದರೆ ಗುಚ್ಛವೆಂದರೆ ಗೊಂಚಲಲ್ಲವೇ? ಈ ದುಂಡನೆಯ ಹೂವಿನ ಬಳೆಗೆ ಕನ್ನಡದಲ್ಲಿ ಹೆಸರಿದೆಯೇ, ಅಥವಾ ಆ ವಸ್ತುವೇ ನಮ್ಮದಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಸುಬೇದಾರ, ವಾನವಡಿ

ನಿಮ್ಮ ತಂದೆಯವರ ಆತ್ಮಕ್ಕೆ ಶಾಂತಿಯಿರಲಿ. ಅಮ್ಮನವರಿಗೆ ಮೊದಲು ಒಂದು ಮಾತು ಹೇಳಿ: ಕಾಲ ಬಳಿ ಇಟ್ಟದ್ದು ಕಡೆಗಣನೆಯಲ್ಲ. ನಾನು ಸೇವೆಯಲ್ಲಿದ್ದಾಗ ಅನೇಕ ಬಾರಿ ಪುಷ್ಪಚಕ್ರ ಹೊತ್ತು ನಡೆದಿದ್ದೇನೆ. ಆ ಕೆಲಸಕ್ಕೆ ಆಯ್ಕೆಯಾದ ಜವಾನ ಹಿಂದಿನ ರಾತ್ರಿಯೇ ಬೂಟು ಉಜ್ಜಿ, ಹೆಜ್ಜೆಯನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾನೆ.

ಹಾರ ಹಾಕುವಾಗ ಹಾಕಿಸಿಕೊಳ್ಳುವವರು ತಲೆ ಬಾಗಿಸುತ್ತಾರೆ, ಹಾಕುವವರು ಕೈಯೆತ್ತುತ್ತಾರೆ. ಇಬ್ಬರೂ ಎದುರುಬದುರು ನಿಂತಿರುತ್ತಾರೆ. ಮದುವೆಯ ಮಂಟಪದಲ್ಲಿ ಆಗುವುದೂ ಇದೇ, ಸನ್ಮಾನದ ವೇದಿಕೆಯಲ್ಲಿ ಆಗುವುದೂ ಇದೇ. ಪುಷ್ಪಚಕ್ರವನ್ನು ಇಡುವಾಗ ಬಾಗಬೇಕಾದವನು ಇಡುವವನು. ದೇವರ ಪಾದಕ್ಕೆ ಹೂವು ಏರಿಸುವಾಗ ಅಮ್ಮನವರೂ ಬಾಗಿಯೇ ಏರಿಸುತ್ತಾರಲ್ಲವೇ? ಅಂದು ಅಧಿಕಾರಿ ಮಾಡಿದ್ದು ಆ ಜಾತಿಯ ನಮಸ್ಕಾರವನ್ನು. ಬದುಕಿದ್ದಾಗ ನಿಮ್ಮ ತಂದೆಯವರು ಆ ಅಧಿಕಾರಿಗೆ ಸೆಲ್ಯೂಟ್ ಮಾಡಬೇಕಾಗಿದ್ದಿರಬಹುದು. ಅಂದು ಅಧಿಕಾರಿ ಅವರಿಗೆ ಬಾಗಿದರು.

ಇನ್ನೊಂದು ಕಾರಣವೂ ಇದೆ. ಸ್ಮಾರಕಗಳಿಗೆ ಕೊರಳಿರುವುದಿಲ್ಲ. ನಿಮ್ಮ ಖಡಕಿಯಲ್ಲಿಯೇ ಇರುವ ಯುದ್ಧ ಸ್ಮಶಾನಕ್ಕೆ ಒಮ್ಮೆ ಅಮ್ಮನವರನ್ನು ಕರೆದುಕೊಂಡು ಹೋಗಿ. ಸಾಲುಸಾಲಾಗಿ ಕಲ್ಲುಗಳು, ಬೇರೆ ಊರುಗಳಲ್ಲಿ ಹೂತು, ಗೋರಿಗಳನ್ನು ಕಾಪಾಡಿಕೊಂಡು ಬರಲಾಗದವರ ಹೆಸರುಗಳು ಬೇರೆಯಾಗಿ ಕೆತ್ತಿದ ಸ್ಮಾರಕದ ಮೇಲೆ. ಅಂತಹ ನೂರಾರು ಜನರಿಗೆ ಒಟ್ಟಾಗಿ ಒಂದು ಗೌರವ ಸಲ್ಲಿಸಬೇಕಾದರೆ ಅದನ್ನು ಕಲ್ಲಿಗೆ ಒರಗಿಸಿ ಇಡುವುದೇ ದಾರಿ. ದೆಹಲಿಯ ರಾಜಘಾಟದಲ್ಲಿ ಪರದೇಶದ ಗಣ್ಯರು ಗಾಂಧೀಜಿಯವರಿಗೆ ಪುಷ್ಪಚಕ್ರ ಅರ್ಪಿಸುವುದೂ ಕಪ್ಪು ಕಲ್ಲಿನ ವೇದಿಕೆಯ ಮೇಲೆಯೇ. ಇಲ್ಲಿ ಪುಣೆಯಲ್ಲಿ ದಕ್ಷಿಣ ಕಮಾಂಡಿನ ಯುದ್ಧ ಸ್ಮಾರಕದಲ್ಲಿ, ಮುಂಬಯಿಯಲ್ಲಿ ಮೇ 1ರಂದು ಹುತಾತ್ಮ ಚೌಕದಲ್ಲಿ, ಎಲ್ಲ ಕಡೆ ಇದೇ ರೀತಿ.

ಈ ಪದ್ಧತಿ ನಮಗೆ ಬ್ರಿಟಿಷ್ ಸೈನ್ಯದಿಂದ ಬಂದದ್ದು ನಿಜ, ಆದರೆ ಅದರ ಬೇರು ಇನ್ನೂ ಹಿಂದಿನದು. ಪ್ರಾಚೀನ ರೋಮಿನಲ್ಲಿ ಯುದ್ಧಭೂಮಿಯಲ್ಲಿ ತನ್ನ ನಾಗರಿಕನೊಬ್ಬನ ಪ್ರಾಣ ಉಳಿಸಿದ ಸೈನಿಕನಿಗೆ ಓಕ್ ಎಲೆಗಳ ಕಿರೀಟ ಕೊಡುತ್ತಿದ್ದರು. ಅದಕ್ಕಿಂತ ದೊಡ್ಡ ಗೌರವವೆಂದರೆ ಹುಲ್ಲಿನ ಕಿರೀಟ. ಮುತ್ತಿಗೆಗೆ ಸಿಲುಕಿದ ಇಡೀ ಸೇನೆಯನ್ನು ಪಾರುಮಾಡಿದವನಿಗೆ, ಪಾರಾದ ಸೈನಿಕರೇ, ಅದೇ ನೆಲದ ಹುಲ್ಲನ್ನು ಕಿತ್ತು ಹೆಣೆದು ಕೊಡುತ್ತಿದ್ದದ್ದು ಅದು. ಚಿನ್ನಕ್ಕಿಂತ ಹುಲ್ಲಿಗೆ ಬೆಲೆ ಹೆಚ್ಚಾಗಿತ್ತು. ಗಣಪತಿಗೆ ಗರಿಕೆ ಏರಿಸುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗಬಾರದು.

ಉತ್ತರ: ಮಾಟುಂಗದ ಓದುಗಿ, ಮುಂಬಯಿ

ಸುಬೇದಾರರ ಮಾತು ನನ್ನ ಮನಸ್ಸಿಗೆ ತುಂಬ ಹಿಡಿಸಿತು. ಆದರೆ ದುಂಡನೆಯ ಮಾಲೆ ಪೂರ್ತಿಯಾಗಿ ಹೊರಗಿನದು ಎಂಬ ತೀರ್ಮಾನಕ್ಕೆ ಯಾರೂ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಹಳಗನ್ನಡದಲ್ಲಿ ‘ಬಾಸಿಗ’ ಎಂಬ ಸೊಗಸಾದ ಪದವಿದೆ, ಹೂಮಾಲೆ ಎಂದೇ ಅದರ ಅರ್ಥ. ಮುಡಿಗೆ ಸುತ್ತುವ ಹೂವಿಗೂ ಅದು ಸಲ್ಲುತ್ತಿತ್ತು. ಅದೇ ಪದ ಇಂದು ಮದುಮಕ್ಕಳ ಹಣೆಗೆ ಕಟ್ಟುವ ‘ಬಾಸಿಂಗ’ವಾಗಿ ಉಳಿದಿದೆ, ಮರಾಠಿಯವರು ‘ಬಾಶಿಂಗ್’ ಎನ್ನುತ್ತಾರೆ. ತಲೆಯನ್ನು ಬಳಸಿ ನಿಲ್ಲುವ ಹೂವಿನ ಕಲ್ಪನೆ ನಮ್ಮಲ್ಲಿ ಹೊಸದಲ್ಲ. ಹೊಸದಾಗಿ ಬಂದದ್ದು ಅದನ್ನು ಬಿಗಿಯಾದ ಬಳೆಯಾಗಿಸಿ, ತೊಡದೆ, ನೆಲದ ಮೇಲೆ ಇಡುವ ಕ್ರಮ ಮಾತ್ರ.

ನಮ್ಮ ಕುಟುಂಬ ಉಡುಪಿಯ ಶಂಕರಪುರದ ಕಡೆಯದು. ಅಜ್ಜಿ ಮಲ್ಲಿಗೆ ಕಟ್ಟುತ್ತಿದ್ದರು, ಅಪ್ಪ ಅದೇ ಮಲ್ಲಿಗೆಯನ್ನು ಇಲ್ಲಿ ತರಿಸಿ ಮಾರುತ್ತಿದ್ದರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಲೆಕ್ಕ ನನಗೆ ಮಗ್ಗಿಗಿಂತ ಮೊದಲು ಬಂದಿತ್ತು. ಆ ಅನುಭವದಿಂದ ಹೇಳುವುದಾದರೆ, ಮಾಲೆಯ ವಿಷಯದಲ್ಲಿ ಕನ್ನಡ ಎಷ್ಟು ಸೂಕ್ಷ್ಮವಾಗಿದೆಯೆಂಬುದನ್ನು ಕ್ರಿಯಾಪದಗಳಲ್ಲಿಯೇ ನೋಡಬಹುದು. ಮಲ್ಲಿಗೆಯನ್ನು ನಾವು ‘ಕಟ್ಟುತ್ತೇವೆ’: ಒದ್ದೆ ಮಾಡಿದ ಬಾಳೆಯ ನಾರಿನಲ್ಲಿ, ಒಂದು ಜೋಡಿ ಆಚೆಗೆ, ಒಂದು ಜೋಡಿ ಈಚೆಗೆ ಮುಖ ಮಾಡುವಂತೆ ಇರಿಸಿ, ಸೂಜಿಯೇ ಇಲ್ಲದೆ ಗಂಟು ಹಾಕುವುದು. ಚೆಂಡು ಹೂವನ್ನು ‘ಪೋಣಿಸುತ್ತೇವೆ’: ಅದಕ್ಕೆ ಸೂಜಿ ಬೇಕು, ಹೂವಿನ ಎದೆಯನ್ನೇ ತೂರಿ ದಾರ ಹೋಗಬೇಕು. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ಜಾವ ರಾಶಿರಾಶಿಯಾಗಿ ಕಾಣುವ ಹಳದಿ, ಕೇಸರಿ ಹಾರಗಳೆಲ್ಲ ಪೋಣಿಸಿದವು. ಮಾಟುಂಗದ ನಮ್ಮ ಅಂಗಡಿಗಳಲ್ಲಿ ಬುಟ್ಟಿಯೊಳಗೆ ಸುರುಳಿ ಸುತ್ತಿಟ್ಟಿರುವವು ಕಟ್ಟಿದವು. ಕಟ್ಟಿದ ಮಾಲೆಯ ಒಂದು ಹೂವು ಉದುರಿದರೆ ಉಳಿದವು ಅಲುಗುವುದಿಲ್ಲ. ಪುಷ್ಪಚಕ್ರದಲ್ಲಿ ಇವೆರಡೂ ಇಲ್ಲ. ಬಿದಿರಿನ ದಬ್ಬೆಯ ಬಳೆಗೆ ಹುಲ್ಲು ಸುತ್ತಿ, ಅದರೊಳಗೆ ಹೂವಿನ ದೇಟುಗಳನ್ನು ‘ಸಿಕ್ಕಿಸುತ್ತಾರೆ’. ನಮ್ಮ ಅಂಗಡಿಯ ಹಿರಿಯ ಕೆಲಸಗಾರರೊಬ್ಬರು ಅಂತಹ ಬಳೆಯನ್ನು ‘ಸಿಂಬಿ’ ಎಂದೇ ಕರೆಯುತ್ತಿದ್ದರು. ಕೊಡ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸಿಂಬಿಯ ಹಾಗೆಯೇ ಅದು ಕಾಣುವುದೂ ಹೌದು.

ಹೆಸರುಗಳಿಗೆ ಬಂದರೆ, ಮುಡಿಗೆ ‘ದಂಡೆ’, ದೇವರಿಗೆ ‘ಮಾಲೆ’, ಬಾಗಿಲಿಗೆ ‘ತೋರಣ’, ದಪ್ಪವಾಗಿ ಎದೆಯ ಮೇಲೆ ಇಳಿಬೀಳುವುದಕ್ಕೆ ‘ಹಾರ’. ಸಂಸ್ಕೃತದಲ್ಲಿ ಹಾರವೆಂದರೆ ಮುಖ್ಯವಾಗಿ ಮುತ್ತಿನ ಸರ. ಹೂವಿಗೆ ಆ ಹೆಸರನ್ನು ಧಾರಾಳವಾಗಿ ಕೊಟ್ಟವರು ನಾವು. ಗುಚ್ಛವೆಂದರೆ ನೀವು ಹೇಳಿದಂತೆ ಗೊಂಚಲು, ಆದ್ದರಿಂದ ನಿಮ್ಮ ತಮ್ಮನವರ ಪದ ಇಲ್ಲಿ ಹೊಂದುವುದಿಲ್ಲ. ‘ಪುಷ್ಪಚಕ್ರ’ವೆಂದೇ ಬರೆಯಿರಿ. ಅದು ಮರಾಠಿ ಪತ್ರಿಕೆಯಲ್ಲಿದೆ ಎಂಬ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಎರಡು ಭಾಷೆಗಳಿಗೂ ಸೇರಿದ ಪದ ಅದು, ಆಕಾರವನ್ನು ಸರಿಯಾಗಿ ಹೇಳುತ್ತದೆ.

ಪುಣೆಯವರು ನೀವು, ಆದ್ದರಿಂದ ಇನ್ನೊಂದು ಮಾತು. ಜೋತಿರಾವ್ ಫುಲೆಯವರ ಮನೆತನದ ಮೂಲ ಹೆಸರು ಗೋರ್ಹೆ. ಪೇಶ್ವೆಯರಿಗೆ ಹೂವು ಒದಗಿಸುವ ಕೆಲಸದಿಂದ ಅವರು ಫುಲೆಗಳಾದರು. ನಮ್ಮ ಹೂಗಾರರಂತೆಯೇ ಅವರೂ ಹೂವಿನಿಂದ ಹೆಸರು ಪಡೆದವರು. 1873ರಲ್ಲಿ ಅವರು ಸ್ಥಾಪಿಸಿದ ಸತ್ಯಶೋಧಕ ಸಮಾಜದ ಮದುವೆಗಳಲ್ಲಿ ಪುರೋಹಿತರಿರಲಿಲ್ಲ. ವಧೂವರರು ಪ್ರತಿಜ್ಞೆ ಮಾಡಿ ಒಬ್ಬರಿಗೊಬ್ಬರು ಹಾರ ಹಾಕಿದರೆ ಮದುವೆಯಾಯಿತು. ಉಳಿದದ್ದನ್ನೆಲ್ಲ ಬಿಟ್ಟರೂ ಹಾರವನ್ನು ಬಿಡಲಿಲ್ಲ ಎಂಬುದನ್ನು ಗಮನಿಸಿ. ಅಮ್ಮನವರು ಕೊರಳಿನ ಹಾರಕ್ಕೆ ಅಷ್ಟು ಬೆಲೆ ಕೊಡುವುದರಲ್ಲಿ ತಪ್ಪೇನೂ ಇಲ್ಲ.

ಉತ್ತರ: ಫೋಂಡಾದ ಶಿಕ್ಷಕ, ಗೋವಾ

ಇಲ್ಲಿಯವರೆಗಿನ ಉತ್ತರಗಳನ್ನು ಓದುವವರಿಗೆ ದುಂಡನೆಯ ಹೂವೆಂದರೆ ಸಾವಿನ ಗುರುತು ಎಂಬ ಭಾವನೆ ಬರಬಹುದು. ಗೋವೆಯಲ್ಲಿ ಎರಡು ದಶಕ ಕಳೆದಿರುವ ನನಗೆ ಅದು ಸರಿಯೆನಿಸುವುದಿಲ್ಲ. ಜೂನ್ 24ರಂದು ಇಲ್ಲಿ ಸಾಂಜಾಂವ್ ಹಬ್ಬ. ಸ್ನಾನಿಕ ಯೋಹಾನನ ಹಬ್ಬವಾದ ಅಂದು ಊರಿನ ಗಂಡಸರು, ಹುಡುಗರು ಹೂವು, ಎಲೆ, ಬಳ್ಳಿ, ಕೆಲವೊಮ್ಮೆ ಹಣ್ಣುಗಳನ್ನೂ ಹೆಣೆದು ಮಾಡಿದ ‘ಕೊಪೆಲ್’ ಎಂಬ ದುಂಡು ಕಿರೀಟವನ್ನು ತಲೆಗೆ ಧರಿಸಿ, ಮಳೆಯಲ್ಲಿ ಹಾಡುತ್ತ ಮನೆಮನೆಗೆ ಹೋಗಿ, ತುಂಬಿದ ಬಾವಿಗಳಿಗೆ ಧುಮುಕುತ್ತಾರೆ. ತಾಯಿಯ ಗರ್ಭದಲ್ಲಿ ಯೋಹಾನನು ಆನಂದದಿಂದ ನಲಿದನೆಂಬ ಕಥೆಯ ನೆನಪು ಆ ಜಿಗಿತ. ಹೊಸ ಅಳಿಯಂದಿರಿಗೆ ಅಂದು ಮಾವನ ಮನೆಯಲ್ಲಿ ವಿಶೇಷ ಉಪಚಾರ. ಆ ಕೊಪೆಲ್‌ಗಳನ್ನು ನೋಡಿದವರಾರೂ ಬಳೆಯಾಕಾರಕ್ಕೂ ದುಃಖಕ್ಕೂ ನಂಟು ಹಾಕಲಾರರು.

ಅದೇ ಊರಿನಲ್ಲಿ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಗೋರಿಗಳ ಮೇಲೆ ಹೂವಿನ ಬಳೆಗಳನ್ನಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಅಂತಹ ಬಳೆಗೆ ಪೋರ್ಚುಗೀಸಿನಲ್ಲಿರುವ ಪದ ‘ಕೊರೊವಾ’, ಕಿರೀಟಕ್ಕೂ ಅದೇ ಪದ. ಹಾಗಾಗಿ ಗೋರಿಯ ಮೇಲೆ ಇಡುವುದೆಂದರೆ ಕಿರೀಟವನ್ನು ಇಡುವುದು. ಗ್ರೀಸಿನ ಒಲಿಂಪಿಯಾದಲ್ಲಿ ಗೆದ್ದವರಿಗೆ ಆಲಿವ್ ಎಲೆಯದು, ಡೆಲ್ಫಿಯಲ್ಲಿ ಲಾರೆಲ್ ಎಲೆಯದು ಎಂದು ಕೊಡುತ್ತಿದ್ದ ದುಂಡು ಕಿರೀಟಗಳ ವಂಶದ್ದೇ ಇದು. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಪದಕದ ಜೊತೆಗೆ ಆಲಿವ್ ಕಿರೀಟ ತೊಡಿಸಿದ್ದನ್ನು ಅನೇಕರು ದೂರದರ್ಶನದಲ್ಲಿ ನೋಡಿರಬಹುದು. ಓಟ ಮುಗಿಸಿದವನಿಗೆ ಕೊಡುವುದನ್ನೇ ಬದುಕು ಮುಗಿಸಿದವನಿಗೂ ಕೊಟ್ಟರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಕ್ರೈಸ್ತರು ಅದಕ್ಕೆ ಇನ್ನೊಂದು ಅರ್ಥವನ್ನೂ ಕೂಡಿಸಿದರು: ಆದಿಯೂ ಅಂತ್ಯವೂ ಇಲ್ಲದ ರೇಖೆ, ಆದ್ದರಿಂದ ನಿತ್ಯಜೀವ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದೇ ಬತ್ತಿ ಹಚ್ಚುವ ಆಗಮನಕಾಲದ ಹಸಿರು ಬಳೆಯಲ್ಲಿಯೂ ಅದೇ ಅರ್ಥವಿದೆ. 1839ರಲ್ಲಿ ಹ್ಯಾಂಬರ್ಗಿನ ಮಕ್ಕಳ ಆಶ್ರಯಧಾಮದಲ್ಲಿ ಯೋಹಾನ್ ಹಿನ್ರಿಶ್ ವಿಶೆರ್ನ್ ಎಂಬ ಪಾದ್ರಿ, ಹಬ್ಬ ಇನ್ನೆಷ್ಟು ದಿನವೆಂದು ಕೇಳುವ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ ದಿನಕ್ಕೊಂದು ಬತ್ತಿ ಹಚ್ಚಿದ್ದರಿಂದ ಅದು ಬೆಳೆದು ಬಂತು.

ಇಲ್ಲಿಂದ ಹತ್ತಿರದ ಮಾರ್ದೋಳದಲ್ಲಿ ಮಹಾಲಸಾ ದೇವಿಗೆ ಶ್ರಾವಣದ ಸುಮಾರಿಗೆ ಜಾಯಿ ಹೂವಿನ ಪೂಜೆ ನಡೆಯುತ್ತದೆ. ಕರಾವಳಿಯ ಕನ್ನಡಿಗರು ಬಹಳ ಮಂದಿ ಬರುತ್ತಾರೆ. ದೇವಾಲಯದ ಮುಂದೆ ಅಬ್ಬಲಿಗೆಯ ದಂಡೆ ಮಾರುವವರ ಕೈಬೆರಳುಗಳನ್ನು ಅಮ್ಮನವರು ಒಮ್ಮೆ ನೋಡಬೇಕು.

ಹೂವಿನ ಬಣ್ಣ, ಜಾತಿಗಳ ಬಗ್ಗೆಯೂ ಹೆಚ್ಚು ಚಿಂತಿಸಬೇಡಿ. ನಾವು ದಸರೆಗೆ ಬಾಗಿಲಿಗೂ ವಾಹನಕ್ಕೂ ಕಟ್ಟುವ ಚೆಂಡು ಹೂವು ಮೂಲತಃ ಮೆಕ್ಸಿಕೋದ್ದು. ಅಲ್ಲಿ ಅದು ಮೃತರ ಹಬ್ಬದ ಹೂವು, ಗೋರಿಗಳನ್ನು ಸಿಂಗರಿಸುವುದು ಅದರಿಂದಲೇ. ಕಡಲು ದಾಟಿ ಬಂದು ನಮ್ಮಲ್ಲಿ ಮಂಗಳದ ಹೂವಾಯಿತು. ಸೇವಂತಿಗೆ ನಮಗೆ ಲಕ್ಷ್ಮಿಯ ಹೂವು, ಫ್ರಾನ್ಸಿನವರಿಗೆ ಸ್ಮಶಾನದ ಹೂವು.

ಖಡಕಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಸುಬೇದಾರರ ಮಾತನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅಧಿಕಾರಿ ಬಾಗಿದರು ಎಂಬಲ್ಲಿ ಅವರು ನನ್ನನ್ನು ತಡೆದು, “ಹೌದು, ಬಗ್ಗಿದ್ರು, ನಾ ನೋಡೇನಿ” ಎಂದರು. ಆದರೆ ಈಗ ಅವರ ಪ್ರಶ್ನೆ ಬೇರೆಡೆಗೆ ತಿರುಗಿದೆ. ಸಭೆಯ ದಿನ ವೇದಿಕೆಯ ಮೇಲೆ ತಂದೆಯವರ ಭಾವಚಿತ್ರವಿರುತ್ತದೆ. ಅದಕ್ಕೆ ಹಾರ ಹಾಕಲು ಇಲ್ಲಿಯವರೆಗೆ ಅವರು ಒಪ್ಪಿಲ್ಲ. ಮನೆಯ ಗೋಡೆಯ ಮೇಲಿನ ಚಿತ್ರವೂ ಹಾಗೆಯೇ ಇದೆ. ಹಾಕಿದರೆ ಮುಗಿದೇ ಹೋಯಿತು ಎಂದು ಅವರಿಗೆ ಅನಿಸುತ್ತದೆ. ಒತ್ತಾಯಿಸಲು ನನಗೆ ಮನಸ್ಸಿಲ್ಲ.

ಉತ್ತರ: ಹಾವೇರಿಯವನು, ಈಗ ಡೊಂಬಿವಲಿ

ಒತ್ತಾಯಿಸಬೇಡಿ. ನಮ್ಮಲ್ಲಿ ಭಾವಚಿತ್ರದ ಹಾರದಷ್ಟು ಕಠಿಣವಾಗಿ ಮಾತನಾಡುವ ಹೂವು ಇನ್ನೊಂದಿಲ್ಲ. ಬದುಕಿರುವವರ ಚಿತ್ರಕ್ಕೆ ಯಾರೂ ಹಾರ ಹಾಕುವುದಿಲ್ಲ. ಅದೇ ವ್ಯಕ್ತಿಯ ಕೊರಳಿಗೆ ಎಷ್ಟು ಹಾರ ಬೇಕಾದರೂ ಹಾಕಬಹುದು. ಹಾರ ಒಂದೇ ಆದರೂ ಕೊರಳಿಗೆ ಬಿದ್ದರೆ ಸನ್ಮಾನ, ಚೌಕಟ್ಟಿಗೆ ಬಿದ್ದರೆ ಮರಣವಾರ್ತೆ. ನನ್ನ ತಾಯಿ ತೀರಿಕೊಂಡಾಗ ಅವರ ಚಿತ್ರಕ್ಕೆ ಹಾರ ಹಾಕಲು ನನಗೆ ಮೂರು ತಿಂಗಳು ಬೇಕಾಯಿತು. ಅಷ್ಟು ದಿನವೂ ಪ್ರತಿದಿನ ಬೆಳಿಗ್ಗೆ ಚಿತ್ರದ ಮುಂದೆ ಒಂದೇ ಒಂದು ಹೂವನ್ನು ಇಡುತ್ತಿದ್ದೆ.

ನಾನು ಹುಟ್ಟಿದ ಊರು ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿ. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದದ್ದು ಅಲ್ಲಿಯೇ. ಏಲಕ್ಕಿ ಹಾರವಾಗಲಿ ಶ್ರೀಗಂಧದ ಹಾರವಾಗಲಿ ಬಾಡುವುದಿಲ್ಲ, ಆದ್ದರಿಂದಲೇ ಅದನ್ನು ಚಿತ್ರಕ್ಕೆ ಹಾಕಿ ವರ್ಷಗಟ್ಟಲೆ ಹಾಗೆಯೇ ಬಿಡುವವರಿದ್ದಾರೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ತಂದೆಯವರ ಚಿತ್ರಕ್ಕೆ ಅಂತಹದು ಬೇಡ. ಹೂವು ಬಾಡಬೇಕು, ತೆಗೆಯಬೇಕು, ಮತ್ತೆ ಕಟ್ಟಬೇಕು. ದೇವರಿಗೆ ಏರಿಸಿ ತೆಗೆದ ಮಾಲೆಗೆ ‘ನಿರ್ಮಾಲ್ಯ’ ಎಂಬ ಬೇರೆ ಹೆಸರನ್ನೇ ಕೊಟ್ಟು, ತುಳಿಯದ ಹಾಗೆ ಕಾಪಾಡುವವರು ನಾವು. ದೂರ್ವಾಸರು ಕೊಟ್ಟ ಮಾಲೆಯನ್ನು ಇಂದ್ರ ಐರಾವತದ ತಲೆಯ ಮೇಲಿಟ್ಟು, ಆನೆ ಅದನ್ನು ನೆಲಕ್ಕೆಸೆದದ್ದಕ್ಕೆ ದೇವಲೋಕದ ಸಿರಿಯೆಲ್ಲ ಹೋಯಿತೆಂಬ ಪುರಾಣದ ಕಥೆಯನ್ನು ಅಮ್ಮನವರು ಬಲ್ಲರು. ಬಹುಶಃ ನೆಲದ ಮೇಲಿಟ್ಟ ಹೂವನ್ನು ಕಂಡು ಅವರಿಗೆ ಕಳವಳವಾದದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು. ಆ ಪುಷ್ಪಚಕ್ರದ ಹೂಗಳು ಕೊನೆಗೆ ಏನಾದವು ಎಂದು ಅವರನ್ನು ಕೇಳಿ ನೋಡಿ. ಗಣೇಶ ವಿಸರ್ಜನೆಯ ದಿನಗಳಲ್ಲಿ ಮುಂಬಯಿ, ಪುಣೆಗಳ ಘಾಟುಗಳಲ್ಲಿ ನಿರ್ಮಾಲ್ಯ ಕಲಶಗಳನ್ನು ಇಟ್ಟಿರುತ್ತಾರಲ್ಲ, ಹಾಗೆ ಎಲ್ಲಿಯಾದರೂ ಮರ್ಯಾದೆಯಿಂದ ಸೇರಿದ್ದರೆ ಅವರಿಗೆ ನೆಮ್ಮದಿಯಾಗುತ್ತದೆ.

ಸಭೆಯ ದಿನ ಚಿತ್ರದ ಮುಂದೆ ತಟ್ಟೆಯಲ್ಲಿ ಬಿಡಿ ಹೂವು ಇರಲಿ. ಹಾರದ ಮಾತನ್ನು ಅವರೇ ಎತ್ತುವವರೆಗೆ ಬಿಟ್ಟುಬಿಡಿ.

ಖಡಕಿ ನಿವಾಸಿ

ಹಾವೇರಿಯ ಹಿರಿಯರು ಊಹಿಸಿದ್ದು ನಿಜವಾಗಿತ್ತು. ಹೂಗಳು ಏನಾದವೆಂದು ಕೇಳಿದಾಗ ಅಮ್ಮ ಒಳಗಿನಿಂದ ಒಂದು ಕಾಗದದ ಪೊಟ್ಟಣ ತಂದರು. ಅಂದು ಸ್ಮಶಾನದಿಂದ ಹೊರಡುವ ಮುನ್ನ ತಮ್ಮನ ಕೈಯಲ್ಲಿ ಆ ಚಕ್ರದಿಂದ ಒಂದು ಹಿಡಿ ಹೂವನ್ನು ತರಿಸಿ, ಒಣಗಿಸಿ ಇಟ್ಟುಕೊಂಡಿದ್ದರು. ನನಗೆ ಗೊತ್ತೇ ಇರಲಿಲ್ಲ. ಅದನ್ನು ಅಂಗಳದ ತುಳಸಿಯ ಬುಡಕ್ಕೆ ಹಾಕಿದೆವು.

ಪತ್ರಿಕೆಯಲ್ಲಿ ‘ಪುಷ್ಪಚಕ್ರ ಸಮರ್ಪಣೆ’ ಎಂದು ತಿದ್ದಿದ್ದೇವೆ. ಚಿತ್ರದ ವಿಷಯವನ್ನು ನಾನು ಎತ್ತಲಿಲ್ಲ. ನಿನ್ನೆ ಸಂಜೆ ಅಮ್ಮ ತಾವಾಗಿಯೇ ಮಂಡಈ ಮಾರುಕಟ್ಟೆಗೆ ಹೋಗಿ ಬರೋಣವೆಂದರು. ಸೇವಂತಿಗೆ ಮತ್ತು ದವನ ಸೇರಿಸಿ ತಾವೇ ಕಟ್ಟುತ್ತಾರಂತೆ, ಪೋಣಿಸಿದ್ದು ಬೇಡವಂತೆ. ಬಾಳೆಯ ನಾರು ಪುಣೆಯಲ್ಲಿ ಎಲ್ಲಿ ಸಿಗುತ್ತದೆಂದು ಮಾಟುಂಗದವರು ತಿಳಿಸಬಹುದೇ? ಚೌಕಟ್ಟು ಎರಡು ಅಡಿ ಎತ್ತರವಿದೆ, ಎರಡೂ ಬದಿಗೆ ಇಳಿಬೀಳಲು ಐದು ಮೊಳ ಸಾಕೆಂದು ಅಮ್ಮನ ಲೆಕ್ಕ.